ಇಳಿಯುವ ವಿದ್ಯೆ

ರಾಜಾಜಿನಗರಕ್ಕೆ ಹೊಂದಿಕೊಂಡಿರುವ ಕುರುಬರಹಳ್ಳಿಯಲ್ಲಿ ಹಳ್ಳಿಯೆಂಬುದು ಈಗ ಹೆಸರಿನಲ್ಲಿ ಮಾತ್ರ ಉಳಿದಿದೆ. ಮನೆಗೆ ಮನೆ ಒತ್ತಿ ನಿಂತ ಬೀದಿಗಳಲ್ಲಿ ಆಕಾಶವನ್ನು ಕಾಣಬೇಕಾದರೆ ಮಹಡಿ ಹತ್ತಬೇಕು. ಹತ್ತಿದವರಿಗೆ ನೀರಿನ ತೊಟ್ಟಿಯ ಅಂಚಿನಲ್ಲಿ ಪಾರಿವಾಳ ಬಂದು ಕೂರುವ ನೋಟ ಹೊಸದಲ್ಲ. ರಭಸದಿಂದ ಬಂದ ಹಕ್ಕಿ, ಅಂಚು ಇನ್ನು ಒಂದು ಮೊಳವಿದೆ ಎನ್ನುವಾಗ ಎದೆಯೆತ್ತಿ, ರೆಕ್ಕೆಯನ್ನು ಗಾಳಿಗೆ ಅಡ್ಡಹಿಡಿದು, ಇದ್ದ ವೇಗವನ್ನೆಲ್ಲ ಅಲ್ಲಿಯೇ ಕಳೆದುಕೊಂಡು ಸದ್ದಿಲ್ಲದೆ ಕಾಲೂರುತ್ತದೆ. ಹಕ್ಕಿಗೆ ಇದು ಹುಟ್ಟುಗುಣ. ಮನುಷ್ಯನಿಗೆ ಕಷ್ಟಪಟ್ಟು ಕಲಿಯಬೇಕಾದ ವಿದ್ಯೆ.

ಇಂತಹ ಬಡಾವಣೆಯ ಮನೆಯೊಂದರ ಮಗಳು ವಿಮಾನ ನಡೆಸಲು ಕಲಿಯುತ್ತೇನೆಂದು ಹೊರಟರೆ ಮನೆಯಲ್ಲಿ ಏನಾದೀತೆಂಬುದನ್ನು ಊಹಿಸುವುದು ಕಷ್ಟವಲ್ಲ. ತಂದೆ ಶುಲ್ಕದ ಲೆಕ್ಕ ಹಾಕಿ ಮೌನವಾದಾರು. ತಾಯಿಯ ಪ್ರಶ್ನೆ ಮಾತ್ರ ಬೇರೆ: "ಮೇಲಕ್ಕೇನೋ ಹೋಗುತ್ತೀಯೆ, ಕೆಳಗೆ ಹೇಗೆ ಬರುತ್ತೀಯೆ?" ಅಭಿಮನ್ಯುವಿನ ಕಥೆ ಕೇಳಿ ಬೆಳೆದ ನಾಡಿನ ತಾಯಂದಿರಿಗೆ ಈ ಭಯ ಸಹಜ. ಒಳಹೊಗುವ ದಾರಿಯನ್ನಷ್ಟೇ ಬಲ್ಲವನ ಗತಿ ಏನಾಯಿತೆಂಬುದು ಅವರಿಗೆ ಗೊತ್ತು. ಆಕೆಯ ಪ್ರಶ್ನೆ ಅಜ್ಞಾನದ್ದಲ್ಲ; ವಿಮಾನಚಾಲನೆಯ ತಿರುಳೇ ಅದರಲ್ಲಿದೆ.

ಬೆಂಗಳೂರಿಗೆ ಈ ಪ್ರಶ್ನೆ ಹಳೆಯದು. ನಗರದ ಉತ್ತರಕ್ಕೆ, ಬಳ್ಳಾರಿ ರಸ್ತೆಯ ಬದಿಯ ಜಕ್ಕೂರಿನಲ್ಲಿ 1948ರಲ್ಲಿ ಸರ್ಕಾರದ ವಿಮಾನಚಾಲನ ತರಬೇತಿ ಶಾಲೆ ಸ್ಥಾಪಿತವಾಯಿತು. ಅಲ್ಲಿ ಕಲಿತು 1949ರಲ್ಲಿ ತೇರ್ಗಡೆಯಾದವರು ಉಷಾ ಸುಂದರಂ. ಅವರೂ ಅವರ ಪತಿ ಕ್ಯಾಪ್ಟನ್ ವಿ. ಸುಂದರಂ ಅವರೂ 1951ರಲ್ಲಿ ಡಿ ಹ್ಯಾವಿಲೆಂಡ್ ಡವ್ ಎಂಬ ಪುಟ್ಟ ವಿಮಾನವನ್ನು ಇಂಗ್ಲೆಂಡಿನಿಂದ ಮುಂಬಯಿಗೆ 27 ಗಂಟೆಗಳಲ್ಲಿ ತಂದು ದಾಖಲೆ ಸ್ಥಾಪಿಸಿದರು. ಜನ ಹೊಗಳಿದ್ದು ವೇಗವನ್ನು. ಆದರೆ ಅಷ್ಟು ದೂರವನ್ನು ಒಂದೇ ಹಾರಾಟದಲ್ಲಿ ಮುಟ್ಟುವ ಇಂಧನ ಆ ವಿಮಾನದಲ್ಲಿ ಹಿಡಿಯುತ್ತಿರಲಿಲ್ಲ. ನಡುವೆ ಪರನಾಡುಗಳ ನೆಲದಲ್ಲಿ ಇಳಿಯಬೇಕಿತ್ತು, ಮತ್ತೆ ಏರಬೇಕಿತ್ತು. ಆ ದಾಖಲೆಯ ಬೆನ್ನಿಗಿದ್ದುದು ಇಳಿಯುವ ವಿದ್ಯೆಯೇ.

ಆ ವಿದ್ಯೆ ನೆಲ ಮುಟ್ಟುವಾಗ ಆರಂಭವಾಗುವುದಿಲ್ಲ. ರನ್‌ವೇಯ ಒಂದು ಬದಿಗೆ ಸುಮಾರು 1,000 ಅಡಿ ಎತ್ತರದಲ್ಲಿ ಅದಕ್ಕೆ ಸಮಾನಾಂತರವಾಗಿ ಹಾರಿ, ಎರಡು ಬಾರಿ ತಿರುಗಿ, ವಿಮಾನವನ್ನು ರನ್‌ವೇಗೆ ಎದುರಾಗಿ ನಿಲ್ಲಿಸುವಷ್ಟರಲ್ಲಿ ಇಳಿತದ ಅರ್ಧ ಭಾಗ ನಿರ್ಧಾರವಾಗಿರುತ್ತದೆ. ಅಲ್ಲಿಂದ ಮುಂದೆ ಸುಮಾರು 20 ಅಡಿ ಮುಂದಕ್ಕೆ ಹೋದಾಗ 1 ಅಡಿ ಕೆಳಗೆ, ಎಂಬ ಇಳಿಜಾರು. ಇಳಿಯಬೇಕಾದ ಜಾಗ ಮುಂದಿನ ಗಾಜಿನಲ್ಲಿ ಅಲುಗಾಡದೆ ನಿಂತಿದ್ದರೆ ದಾರಿ ಸರಿ. ಅದು ಮೇಲೇರುತ್ತಿದ್ದರೆ ವಿಮಾನ ಮೊದಲೇ ನೆಲ ಸೇರುತ್ತದೆ. ಕೆಳಗೆ ಸರಿಯುತ್ತಿದ್ದರೆ ಜಾಗವನ್ನು ದಾಟಿಹೋಗುತ್ತದೆ.

ಇಲ್ಲಿಯೇ ಮೊದಲ ಅಪಾಯ. ವಿಮಾನ ತಗ್ಗಿದೆಯೆನಿಸಿದೊಡನೆ ಕಲಿಯುವವರ ಕೈ ತಾನಾಗಿ ಮೂಗನ್ನು ಮೇಲಕ್ಕೆಳೆಯುತ್ತದೆ. ಮೂಗೆತ್ತಿದರೆ ವೇಗ ಕುಗ್ಗುತ್ತದೆ. ರೆಕ್ಕೆ ಗಾಳಿಯನ್ನು ಎದುರಿಸುವ ಕೋನ ಮಿತಿಮೀರಿದರೆ ಅದರ ಮೇಲಿನ ಗಾಳಿಯ ಹರಿವು ಕಿತ್ತುಹೋಗಿ ವಿಮಾನ ಆಧಾರ ತಪ್ಪುತ್ತದೆ. ಚಾಲಕರು ಇದನ್ನು ಸ್ಟಾಲ್ ಎನ್ನುತ್ತಾರೆ. ನೆಲ ಸಮೀಪದಲ್ಲಿರುವಾಗ ಇದು ಪ್ರಾಣಾಂತಿಕ. ಆದ್ದರಿಂದಲೇ ಅನೇಕ ಶಿಕ್ಷಕರು ಬೋಧಿಸುವ ಸೂತ್ರ ಮನಸ್ಸಿನ ಒಲವಿಗೆ ವಿರುದ್ಧವಾದುದು: ಮೂಗಿನಿಂದ ವೇಗವನ್ನು ಆಳು, ಥ್ರಾಟಲಿನಿಂದ ಎತ್ತರವನ್ನು ಆಳು.

ಬೆಂಗಳೂರು ಇದಕ್ಕೆ ತನ್ನದೊಂದು ತೊಡಕನ್ನು ಸೇರಿಸುತ್ತದೆ. ಊರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿರುವುದರಿಂದ ಇಲ್ಲಿಯ ಗಾಳಿ ತೆಳು. ವೇಗಮಾಪಕದ ಮುಳ್ಳು 60 ನಾಟ್, ಎಂದರೆ ಗಂಟೆಗೆ 110 ಕಿಲೋಮೀಟರು ತೋರಿಸುತ್ತಿದ್ದರೂ ವಿಮಾನದ ನಿಜವಾದ ವೇಗ ಅದಕ್ಕಿಂತ ನೂರಕ್ಕೆ ಸುಮಾರು 5ರಷ್ಟು ಹೆಚ್ಚಿರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಇನ್ನೂ ಹೆಚ್ಚು. ನೆಲ ಓಡಿಬರುತ್ತಿರುವಂತೆ ಕಾಣುತ್ತದೆಂದು ಹೆದರಿ ಮುಳ್ಳನ್ನು ಇಳಿಸಹೊರಟರೆ ಮತ್ತೆ ಅದೇ ಸ್ಟಾಲಿನ ಬಾಗಿಲು. ಕಣ್ಣನ್ನಲ್ಲ, ಮುಳ್ಳನ್ನು ನಂಬಬೇಕು.

ಆದರೆ ಕೊನೆಯ 15-20 ಅಡಿಗಳಲ್ಲಿ ಮುಳ್ಳೂ ನೆರವಾಗದು. ಅಲ್ಲಿ ಕಣ್ಣೇ ಗುರು. ಸೈಕಲ್ ಕಲಿಯುವ ಮಗು ಮುಂಚಕ್ರವನ್ನೇ ನೋಡುತ್ತ ಬೀಳುತ್ತದಲ್ಲವೆ? ಹಾಗೆಯೇ ಮೂಗಿನ ಕೆಳಗಣ ನೆಲವನ್ನು ನೋಡಿದವರಿಗೆ ಎತ್ತರದ ಅಂದಾಜು ತಪ್ಪುತ್ತದೆ. ನೋಟ ರನ್‌ವೇಯ ದೂರದ ತುದಿಯಲ್ಲಿರಬೇಕು. ಥ್ರಾಟಲನ್ನು ಪೂರ್ತಿ ಹಿಂದಕ್ಕೆಳೆದು, ಮೂಗನ್ನು ಬೆರಳಗಲ ಬೆರಳಗಲವಾಗಿ ಎತ್ತುತ್ತ ವಿಮಾನವನ್ನು ನೆಲ ಮುಟ್ಟಗೊಡದೆ ಹಿಡಿದಿರಬೇಕು. ಇನ್ನು ಹಾರಲಾರೆನೆಂದು ಅದು ತಾನೇ ಸೋತಾಗ ಹಿಂದಿನ ಚಕ್ರಗಳೆರಡು ಮೆಲ್ಲನೆ ಊರುತ್ತವೆ. ಪಾರಿವಾಳ ಎದೆಯೆತ್ತುವುದರ ಅರ್ಥ ಇದೇ.

ಎಚ್.ಎ.ಎಲ್. ತಯಾರಿಸಿದ ಹಳೆಯ ವಿಮಾನಗಳು ಇಷ್ಟಕ್ಕೇ ಬಿಡುತ್ತಿರಲಿಲ್ಲ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡು 1951ರ ಆಗಸ್ಟಿನಲ್ಲಿ ಮೊದಲು ಹಾರಿದ ಎಚ್.ಟಿ.-2, ಫ್ಲೈಯಿಂಗ್ ಕ್ಲಬ್ಬುಗಳಿಗೆಂದೇ ತಯಾರಾಗಿ 1958ರಲ್ಲಿ ಹಾರಿದ ಪುಷ್ಪಕ್, ಇವೆರಡಕ್ಕೂ ಮೂರನೆಯ ಚಕ್ರ ಬಾಲದಲ್ಲಿತ್ತು. ಭಾರವೆಲ್ಲ ಮುಖ್ಯ ಚಕ್ರಗಳ ಹಿಂದೆ ಬೀಳುವುದರಿಂದ, ಇಳಿದ ಮೇಲೂ ಕಾಲು ಎಚ್ಚರ ತಪ್ಪಿದರೆ ಬಾಲ ಮುಂದಕ್ಕೆ ಬರಲು ಹವಣಿಸಿ ವಿಮಾನ ಗಿರ್ರನೆ ಸುತ್ತಿಬಿಡುತ್ತಿತ್ತು. ನಿಂತಮೇಲಷ್ಟೇ ನಿಟ್ಟುಸಿರು.

ಇಷ್ಟೆಲ್ಲ ಕಲಿತರೂ ಒಂದು ಪಾಠ ಉಳಿಯುತ್ತದೆ. ಅದೇ ಎಲ್ಲಕ್ಕಿಂತ ಕಠಿನ. ಗಾಳಿ ಪಕ್ಕಕ್ಕೆ ದೂಡಿತು, ವೇಗ ಹೆಚ್ಚಾಯಿತು, ಚಕ್ರ ನೆಲಕ್ಕೆ ಬಡಿದು ವಿಮಾನ ಪುಟಿಯಿತು ಎಂದಾಗ, ಹೇಗಾದರೂ ಇಳಿಸಿಯೇ ತೀರುತ್ತೇನೆಂಬ ಹಟ ಬರುತ್ತದೆ. ನೆಲದ ಮೇಲೆ ಸಹಪಾಠಿಗಳು ನೋಡುತ್ತಿದ್ದಾರೆ. ಒಂದೊಂದು ಸುತ್ತಿಗೂ ತಂದೆಯ ಹಣ ಕರಗುತ್ತಿದೆ. ಆ ಹಟವನ್ನು ನುಂಗಿ, ಥ್ರಾಟಲನ್ನು ಪೂರ್ತಿ ಮುಂದೊತ್ತಿ, ಮತ್ತೆ ಮೇಲೇರಿ ಇನ್ನೊಂದು ಸುತ್ತು ಬರುವವರೇ ಬಲ್ಲವರು. ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಬಿಟ್ಟರೆ ಅಂಕ ಹೋಗುತ್ತದೆ. ಇಲ್ಲಿ ಇಳಿತವನ್ನು ಬಿಟ್ಟವರಿಗೆ ಜಾಣರೆಂಬ ಹೆಸರು. ಮಕ್ಕಳನ್ನು ಗೆಲ್ಲಲು ಮಾತ್ರ ಕಲಿಸುವ ಮನೆಗಳು ಈ ಪಾಠವನ್ನೊಮ್ಮೆ ಯೋಚಿಸುವುದು ಒಳ್ಳೆಯದು.

ತಾಯಿಯ ಪ್ರಶ್ನೆಗೆ ಉತ್ತರ ಇಷ್ಟು: ಕೆಳಗೆ ಬರುವುದನ್ನು ಕಲಿಯುವ ತನಕ ಅವಳನ್ನು ಒಬ್ಬಳೇ ಮೇಲೆ ಹೋಗಲು ಬಿಡುವುದಿಲ್ಲ. ಕಲಿಕೆಯ ಪರವಾನಗಿ 16ನೆಯ ವಯಸ್ಸಿಗೇ ಸಿಗಬಹುದು. ಖಾಸಗಿ ಚಾಲಕರ ಪರವಾನಗಿಗೆ ಕನಿಷ್ಠ 40 ಗಂಟೆ, ವೃತ್ತಿ ಚಾಲಕರ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. ಒಂಟಿ ಹಾರಾಟದ ದಿನವನ್ನು ಮಾತ್ರ ಗಡಿಯಾರವಾಗಲಿ ಪಂಚಾಂಗವಾಗಲಿ ಹೇಳಲಾರದು. ಅದನ್ನು ಹೇಳುವವರು ಶಿಕ್ಷಕರು. ಜೋಡಿ ಹಿಡಿಕೆಯ ವಿಮಾನದಲ್ಲಿ ಅವರ ಕೈ ಮೊದಮೊದಲು ಬಿಗಿಯಾಗಿ, ಆಮೇಲೆ ಸಡಿಲವಾಗಿ, ಕೊನೆಗೆ ಮಡಿಲಲ್ಲಿ ಇರುತ್ತದೆ. ಒಂದು ಬೆಳಗ್ಗೆ ಅವರು ಬೆಲ್ಟು ಬಿಚ್ಚಿ, ಬಾಗಿಲು ತೆರೆದು ಇಳಿದುಬಿಡುತ್ತಾರೆ.

ಒಬ್ಬರ ಭಾರ ಕಳೆದ ವಿಮಾನ ಅಂದು ಎಂದಿಗಿಂತ ಬೇಗ ಏರುತ್ತದೆ, ಇಳಿಯುವಾಗ ಎಂದಿಗಿಂತ ಹೆಚ್ಚು ಹೊತ್ತು ತೇಲುತ್ತದೆ. ಪಕ್ಕದ ಪೀಠ ಬರಿದು. ನೆಲದಲ್ಲಿ ನಿಂತ ಗುರುವಿಗೆ ನೋಡುವುದಲ್ಲದೆ ಬೇರೇನೂ ಮಾಡಲು ಉಳಿದಿಲ್ಲ. ಮಾಡಬೇಕಾದುದನ್ನೆಲ್ಲ ಅವರು ಮೊದಲೇ ಮಾಡಿ ಮುಗಿಸಿರಬೇಕು.