ಪ್ರಾಕ್ಸಿ ಕೊಟ್ಟ ಚೀಟಿಯನ್ನು ಅಪ್ಲಿಕೇಶನ್ ನಂಬಬಹುದೇ?

ಗುಡೂರಿನ ರೈತ ಮೊಬೈಲ್‌ನಲ್ಲಿ ಪಹಣಿ ನೋಡುವಾಗ ವಿಳಾಸದ ಆರಂಭದಲ್ಲಿ ‘ಎಚ್‌ಟಿಟಿಪಿಎಸ್’ ಎಂದಿರುತ್ತದೆ. ಅವನ ಮಾಹಿತಿ ಗೂಢಲಿಪಿಯಲ್ಲಿ ಸಾಗುತ್ತಿದೆ ಎಂಬುದಕ್ಕೆ ಅದೇ ಗುರುತು. ಆದರೆ ಎಲ್ಲಿಯವರೆಗೆ? ದೊಡ್ಡ ಜಾಲತಾಣಗಳಲ್ಲಿ ಸಾಮಾನ್ಯವಾಗಿ ಮೊದಲು ಎದುರಾಗುವುದು ರಿವರ್ಸ್ ಪ್ರಾಕ್ಸಿ. ಅದು ಗೂಢಲಿಪಿಯನ್ನು ಬಿಡಿಸಿ, ಕೋರಿಕೆಯನ್ನು ಹಿಂದಿರುವ ಅಪ್ಲಿಕೇಶನ್‌ಗೆ ಬಹಳ ಕಡೆ ಸಾದಾ ಎಚ್‌ಟಿಟಿಪಿಯಲ್ಲೇ ದಾಟಿಸುತ್ತದೆ. ಜೊತೆಗೆ ಒಂದು ಚೀಟಿಯನ್ನೂ ಕೊಡುತ್ತದೆ: ಸಂಪರ್ಕ ಸುರಕ್ಷಿತವಾಗಿತ್ತೇ ಎಂಬುದು ‘ಎಕ್ಸ್-ಫಾರ್ವರ್ಡೆಡ್-ಪ್ರೋಟೊ’ ಹೆಡರ್‌ನಲ್ಲಿ, ಯಾವ ಐಪಿ ವಿಳಾಸದಿಂದ ಬಂತು ಎಂಬುದು ‘ಎಕ್ಸ್-ಫಾರ್ವರ್ಡೆಡ್-ಫಾರ್’ ಹೆಡರ್‌ನಲ್ಲಿ. ಈ ಚೀಟಿ ಸಾಕೇ, ಗೂಢಲಿಪಿ ಅಪ್ಲಿಕೇಶನ್‌ವರೆಗೂ ಹೋಗಬೇಕೇ?

ಪರ: ಚೀಟಿ ಸಾಕು

ಗೂಢಲಿಪಿಗೆ ಬೇಕಾದ ಟಿಎಲ್‌ಎಸ್ ಪ್ರಮಾಣಪತ್ರಗಳನ್ನು ಒಂದೇ ಕಡೆ ನೋಡಿಕೊಳ್ಳುವುದು ಸುಲಭ, ಸುರಕ್ಷಿತ ಕೂಡ. ಟಿಎಲ್‌ಎಸ್ ಪ್ರಮಾಣಪತ್ರಗಳ ಗರಿಷ್ಠ ಆಯುಷ್ಯವನ್ನು 2029ರ ಮಾರ್ಚ್ ಹೊತ್ತಿಗೆ 47 ದಿನಕ್ಕೆ ಇಳಿಸಲು ಬ್ರೌಸರ್ ಕಂಪನಿಗಳು ಮತ್ತು ಪ್ರಮಾಣಪತ್ರ ಸಂಸ್ಥೆಗಳ ವೇದಿಕೆ 2025ರಲ್ಲಿ ತೀರ್ಮಾನಿಸಿದೆ. ಹತ್ತಾರು ಅಪ್ಲಿಕೇಶನ್‌ಗಳಲ್ಲಿ ಪದೇ ಪದೇ ನವೀಕರಿಸುವಾಗ ಒಂದು ಮರೆತರೂ ಸೇವೆ ನಿಲ್ಲುತ್ತದೆ. ಪ್ರಾಕ್ಸಿಯಲ್ಲಿ ಮಾಡಿದರೆ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ.

ಚೀಟಿಯೇ ಇಲ್ಲದಿದ್ದರೆ ಏನಾಗುತ್ತದೆ? ಬಳಕೆದಾರ ಎಚ್‌ಟಿಟಿಪಿಯಲ್ಲಿ ಬಂದಿದ್ದಾನೆಂದು ಭಾವಿಸಿದ ಅಪ್ಲಿಕೇಶನ್ ಅವನನ್ನು ಎಚ್‌ಟಿಟಿಪಿಎಸ್‌ಗೆ ಕಳಿಸುತ್ತದೆ. ಅವನು ಪ್ರಾಕ್ಸಿಯ ಮೂಲಕ ಮತ್ತೆ ಬರುತ್ತಾನೆ, ಅಪ್ಲಿಕೇಶನ್ ಮತ್ತೆ ಕಳಿಸುತ್ತದೆ. ಕೊನೆಗೆ ಬ್ರೌಸರ್ ಸೋತು ದೋಷದ ಪುಟ ತೋರಿಸುತ್ತದೆ.

ಐಪಿ ವಿಳಾಸದ ಬೆಲೆ ಕರ್ನಾಟಕಕ್ಕೆ ಗೊತ್ತಿದೆ. 2025ರ ಜನವರಿಯಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶದ ಮೇಲೆ ದಾಳಿ ನಡೆದು, ಉಪನೋಂದಣಿ ಕಚೇರಿಗಳಲ್ಲಿ ಜನ ಕಾಯಬೇಕಾಯಿತು. 62 ಇಮೇಲ್ ಖಾತೆಗಳು, 14 ಐಪಿ ವಿಳಾಸಗಳು ಬಳಕೆಯಾಗಿದ್ದವೆಂದು ವರದಿಯಾಯಿತು. ಇಂಥ ತನಿಖೆಯಲ್ಲಿ ಅಪ್ಲಿಕೇಶನ್‌ನ ದಾಖಲೆಯಲ್ಲಿ ಪ್ರಾಕ್ಸಿಯ ವಿಳಾಸವೊಂದೇ ಉಳಿದಿದ್ದರೆ ಅದರಿಂದ ಪ್ರಯೋಜನವಿಲ್ಲ. ಚೀಟಿ ಕೊಡುವ ಈ ಪದ್ಧತಿ ಯಾರೋ ಕಂಡುಕೊಂಡ ಅಡ್ಡದಾರಿಯೂ ಅಲ್ಲ. 2014ರ ಅಂತರ್ಜಾಲ ಮಾನದಂಡ ಆರ್‌ಎಫ್‌ಸಿ 7239, ಇದೇ ಕೆಲಸದ ‘ಫಾರ್ವರ್ಡೆಡ್’ ಎಂಬ ಹೆಡರ್‌ಗೆ ಪ್ರಮಾಣಿತ ರೂಪ ಕೊಟ್ಟಿದೆ.

ವಿರೋಧ: ಚೀಟಿ ಸಾಲದು

ಹೆಡರ್ ಬರಿಯ ಅಕ್ಷರ. ಅದನ್ನು ಪ್ರಾಕ್ಸಿ ಬರೆಯಬಹುದು, ದಾಳಿಕೋರನೂ ಬರೆಯಬಹುದು. ಹೊರಗಿನಿಂದ ಬಂದ ಹೆಡರ್‌ಗೇ ಪ್ರಾಕ್ಸಿ ತಾನು ಕಂಡ ವಿಳಾಸವನ್ನು ಸೇರಿಸುತ್ತ ಹೋದರೆ, ಪಟ್ಟಿಯ ಮೊದಲ ವಿಳಾಸ ದಾಳಿಕೋರ ಇಟ್ಟದ್ದೇ ಆಗಿರಬಹುದು. ಅದನ್ನು ನಂಬಿದ ಅಪ್ಲಿಕೇಶನ್ ತಪ್ಪಿತಸ್ಥನನ್ನು ಬಿಟ್ಟು ನಿರಪರಾಧಿಯ ವಿಳಾಸವನ್ನು ತಡೆಯುತ್ತದೆ. ಜಾಲತಾಣ ಕಟ್ಟಲು ಬಳಸುವ ಜ್ಯಾಂಗೋ ಚೌಕಟ್ಟಿನಲ್ಲಿ, ಸಂಪರ್ಕ ಸುರಕ್ಷಿತವೆಂದು ಹೇಳುವ ಪ್ರಾಕ್ಸಿಯ ಹೆಡರ್ ನಂಬುವ ಆಯ್ಕೆ ಮೊದಲಿಗೆ ಮುಚ್ಚಿಯೇ ಇರುತ್ತದೆ. ಅದನ್ನು ತೆರೆಯುವವರಿಗೆ ಅದರ ಕೈಪಿಡಿ ಖಡಕ್ ಎಚ್ಚರಿಕೆ ಕೊಡುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ಪ್ರಾಕ್ಸಿಯಿಂದಾಚೆಗಿನ ಒಳದಾರಿಯದು. ಅಮೆರಿಕದ ಗುಪ್ತಚರ ಸಂಸ್ಥೆಯಿಂದ ಎಡ್ವರ್ಡ್ ಸ್ನೋಡೆನ್ ಹೊರಗೆಡವಿದ ದಾಖಲೆಗಳಲ್ಲಿದ್ದ ಒಂದು ಕೈಬರಹದ ಚಿತ್ರ 2013ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. ಗೂಗಲ್‌ನ ಮುಂಭಾಗದ ಸರ್ವರ್‌ನಲ್ಲಿ ಗೂಢಲಿಪಿ ಕಳಚಿಕೊಳ್ಳುವ ಜಾಗವನ್ನು ಅಮೆರಿಕದ ಗುಪ್ತಚರರು ಅದರಲ್ಲಿ ನಗುಮುಖದ ಗುರುತು ಹಾಕಿ ತೋರಿಸಿದ್ದರು. ಅಲ್ಲಿಂದಾಚೆ ಡೇಟಾ ಕೇಂದ್ರಗಳ ನಡುವಿನ ಸಂಚಾರ ಅವರಿಗೆ ಓದಲು ಸಿಗುತ್ತಿತ್ತು. ಆ ದಾರಿಗೂ ಗೂಢಲಿಪಿ ಹಾಕುವ ಕೆಲಸವನ್ನು ಗೂಗಲ್ ಚುರುಕುಗೊಳಿಸಿತು. ಅಷ್ಟು ದೊಡ್ಡ ಸಂಸ್ಥೆಗೇ ಒಳದಾರಿಯನ್ನು ನಂಬಲಾಗದಿದ್ದಾಗ, ಪಹಣಿ, ಆಧಾರ್, ಬ್ಯಾಂಕ್ ಖಾತೆ ನೋಡುವ ತಾಣಗಳು ಯಾವ ಧೈರ್ಯದ ಮೇಲೆ ನಂಬಬೇಕು?

ಕಾನೂನೂ ಈ ಕಡೆಗಿದೆ. ವೈಯಕ್ತಿಕ ದತ್ತಾಂಶಕ್ಕೆ ಸೂಕ್ತ ರಕ್ಷಣೆ ಕೊಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ.

ತೀರ್ಮಾನ

ಎರಡೂ ವಾದಗಳಲ್ಲಿ ಹುರುಳಿದೆ, ಆದರೆ ತೂಕ ಸಮವಲ್ಲ. ಚೀಟಿ ಬೇಕೇ ಬೇಕು, ಮೂರು ಷರತ್ತುಗಳೊಂದಿಗೆ: ಹೊರಗಿನಿಂದ ಬಂದ ಹೆಡರ್‌ಗಳನ್ನು ಪ್ರಾಕ್ಸಿ ಅಳಿಸಿ ತಾನೇ ಹೊಸದಾಗಿ ಬರೆಯಬೇಕು, ಪ್ರಾಕ್ಸಿಯನ್ನು ಬಿಟ್ಟು ಬೇರೆ ಯಾರೂ ಅಪ್ಲಿಕೇಶನ್ ಅನ್ನು ನೇರವಾಗಿ ಮುಟ್ಟದಂತೆ ಫೈರ್‌ವಾಲ್ ಇರಬೇಕು, ನಂಬಬೇಕಾದ ಪ್ರಾಕ್ಸಿಗಳ ವಿಳಾಸಗಳನ್ನು ಅಪ್ಲಿಕೇಶನ್‌ನಲ್ಲಿ ಹೆಸರಿಸಿರಬೇಕು. ಊರಿನ ಅಂಗಡಿಯ ಜಾಲತಾಣ ಒಂದೇ ಯಂತ್ರದಲ್ಲಿ ನಡೆಯುತ್ತಿದ್ದರೆ ಇಷ್ಟು ಸಾಕು. ಜನರ ಜಮೀನು, ಗುರುತು, ಹಣದ ದಾಖಲೆ ಹೊತ್ತ ಸರ್ಕಾರಿ ಸೇವೆಗೆ ಸಾಲದು. ಅಲ್ಲಿ ಪ್ರಾಕ್ಸಿಯಿಂದ ಅಪ್ಲಿಕೇಶನ್‌ವರೆಗಿನ ದಾರಿಗೂ ಟಿಎಲ್‌ಎಸ್ ಇರಲೇಬೇಕು. ಇಂಥ ಸೇವೆಗಳ ಟೆಂಡರ್ ಬರೆಯುವ ಅಧಿಕಾರಿಗಳು ಈ ಷರತ್ತನ್ನು ಒಂದು ಸಾಲಿನಲ್ಲಿ ಸೇರಿಸಲಿ.