ಕೊಟ್ಟವಳ ಎರಡು ತಿಂಗಳು

2023ರ ಫೆಬ್ರವರಿಯಲ್ಲಿ ಕಳಮಶ್ಶೇರಿಯ ಸರ್ಕಾರಿ ಮೆಡಿಕಲ್ ಕಾಲೇಜು ಪತ್ರಿಕೆಗಳ ಮುಖಪುಟಕ್ಕೆ ಬಂತು. ಅಲ್ಲಿ ಹುಟ್ಟಿದ ಮಗುವೊಂದನ್ನು ಸಾಕಲು ಒಯ್ದಿದ್ದ ತೃಪ್ಪೂಣಿತ್ತುರದ ದಂಪತಿಯನ್ನೇ ಹೆತ್ತವರೆಂದು ತೋರಿಸುವ ನಕಲಿ ಜನನ ಪ್ರಮಾಣಪತ್ರ ತಯಾರಾಗಿತ್ತು. ನೌಕರನೊಬ್ಬ ಅಮಾನತಾದ, ಮಗು ಮಕ್ಕಳ ಕಲ್ಯಾಣ ಸಮಿತಿಯ ವಶಕ್ಕೆ ಹೋಯಿತು. ಆಗ ಓದುಬರಹ ಬಲ್ಲ ಗೆಳೆಯರ ಬಾಯಲ್ಲೂ ಒಂದೇ ಮಾತು: "ಮಕ್ಕಳಿಲ್ಲದವರಿಗೆ ಮಗು ಸಿಕ್ಕಿತು, ಮಗುವಿಗೆ ಮನೆ ಸಿಕ್ಕಿತು. ಯಾರಿಗೇನು ನಷ್ಟ?"

ಹೆತ್ತವಳು ಈ ಲೆಕ್ಕದಲ್ಲೇ ಇಲ್ಲ, ನೋಡಿ. ಆ ತಾಯಿಯ ಮನಸ್ಸಿನಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ, ಅವಳ ಪರವಾಗಿ ಮಾತಾಡಲು ನಾನು ಯಾರೂ ಅಲ್ಲ. ಆದರೆ 2015ರ ಬಾಲನ್ಯಾಯ ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ ಮಗುವನ್ನು ಒಪ್ಪಿಸುವವರಿಗೆ ಸಮಿತಿ ಮೊದಲು ತಿಳಿಹೇಳಬೇಕು, ಪತ್ರಕ್ಕೆ ಸಹಿ ಅದರ ಮುಂದೆಯೇ ಬೀಳಬೇಕು, ಆಮೇಲೆ ಮರುಯೋಚನೆಗೆ ಎರಡು ತಿಂಗಳು ಕೊಡಬೇಕು. ಕಳ್ಳದಾರಿ ಮೊದಲು ಕದಿಯುವುದು ಈ ಎರಡು ತಿಂಗಳನ್ನೇ.

'ದತ್ತ' ಅಂದರೆ ಕೊಡಲ್ಪಟ್ಟದ್ದು. ಪದದೊಳಗೇ ಕೊಟ್ಟವಳಿದ್ದಾಳೆ. ನಾವು ಮಾತ್ರ 'ದತ್ತು ತೆಗೆದುಕೊಂಡರು' ಎಂದು ತೆಗೆದುಕೊಂಡವರನ್ನಷ್ಟೇ ನೆನೆಯುತ್ತೇವೆ. ಕೊಟ್ಟವಳಿಗೆ ಮಲಯಾಳದ ಸುದ್ದಿಗಳಲ್ಲಿ 'ಉಪೇಕ್ಷಿಚ್ಚು' ಎಂಬ ಕ್ರಿಯಾಪದ ಕಾದಿರುತ್ತದೆ, ತೊರೆದಳು ಎಂದರ್ಥ. ಅದೇ ಪದ ಕನ್ನಡದಲ್ಲಿ ಅಸಡ್ಡೆ. ಅನುವಾದಿಸುವಾಗ ಪ್ರತಿಸಲ ನನ್ನ ಕೈ ತಡೆಯುತ್ತದೆ. ಸಹಿ ಹಾಕಿ ಒಪ್ಪಿಸಿದವಳು ತೊರೆದವಳೂ ಅಲ್ಲ, ಅಸಡ್ಡೆ ಮಾಡಿದವಳೂ ಅಲ್ಲ.

ತಿರುವನಂತಪುರದ ಪ್ರಕರಣ ನೆನಪಿರಬಹುದು. 2020ರ ಅಕ್ಟೋಬರಿನಲ್ಲಿ ಇಪ್ಪತ್ತು ದಾಟಿದ ತರುಣಿಯೊಬ್ಬಳ ಗಂಡುಮಗು ಶಿಶುಕ್ಷೇಮ ಸಮಿತಿಯ 'ಅಮ್ಮತೊಟ್ಟಿಲು' ಸೇರಿತು. ತನ್ನ ಒಪ್ಪಿಗೆಯಿಲ್ಲದೆ ಹೆತ್ತವರೇ ಒಯ್ದರೆಂದು ಅವಳ ದೂರು, ಒಪ್ಪಿಗೆಯಿತ್ತೆಂದು ಅವರ ವಾದ. ಮಗು ಆಂಧ್ರದ ದಂಪತಿಯ ಮಡಿಲಿಗೂ ಹೋಯಿತು. ಡಿಎನ್‌ಎ ಪರೀಕ್ಷೆಯ ನಂತರ 2021ರ ನವೆಂಬರ್ 24ರಂದು ಕೋರ್ಟು ತಾಯಿಗೆ ಮರಳಿಸಿತು. ಆ ದಂಪತಿಯ ಸಂಕಟ ಬೇರೆಯೇ, ಅವರದ್ದೇನೂ ತಪ್ಪಿರಲಿಲ್ಲ. ತೊಟ್ಟಿಲು ಮುಚ್ಚಿ ಎನ್ನುತ್ತಿಲ್ಲ ನಾನು. ಪೊದೆಗಿಂತ ತೊಟ್ಟಿಲು ಮೇಲು. ಆದರೆ ತೊಟ್ಟಿಲು ಯಾರ ಸಹಿಯನ್ನೂ ಕೇಳುವುದಿಲ್ಲ.

ಅವಳಿಗೆ ಸಂಗಾತಿಯಿದ್ದ, ಸೆಕ್ರೆಟೇರಿಯೆಟ್ ಮುಂದೆ ಧರಣಿ ಕೂರುವ ಎದೆಗಾರಿಕೆಯಿತ್ತು. ಹದಿನಾರರ ಹುಡುಗಿ ಎಲ್ಲಿ ಕೂರುತ್ತಾಳೆ? ಆಸ್ಪತ್ರೆಗೆ ಹೋದರೆ ಪೋಕ್ಸೊ ಪ್ರಕಾರ ಪೊಲೀಸರಿಗೆ ವರದಿ ಹೋಗಲೇಬೇಕು. ಗರ್ಭಪಾತಕ್ಕೆ ಬಂದ ಅಪ್ರಾಪ್ತೆಯೂ ಪೋಷಕರೂ ಕೋರಿದರೆ ಅವಳ ಹೆಸರನ್ನು ವೈದ್ಯರು ವರದಿಯಲ್ಲಿ ಬರೆಯಬೇಕಿಲ್ಲ ಎಂದು 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೆರಲು ಬಂದವಳಿಗೆ ಆ ಆಸರೆಯೂ ಇಲ್ಲ. ಮನೆಯವರು ಅವಳನ್ನು ದೂರದೂರಿನ ನೆಂಟರಲ್ಲಿ ಬಚ್ಚಿಡುತ್ತಾರೆ, ಮಗುವನ್ನು 'ಪರಿಚಯದವರಿಗೆ' ದಾಟಿಸುತ್ತಾರೆ. ಮಾನ ಉಳಿಯಿತು ಅನ್ನುತ್ತಾರೆ. ಯಾರ ಮಾನ?

ಕೊಡುವುದು ತಪ್ಪಲ್ಲ. ಓದಬೇಕಾದ ಹುಡುಗಿ ಮಗುವನ್ನು ಒಪ್ಪಿಸಿ ಶಾಲೆಗೆ ಮರಳಿದರೆ ನನ್ನ ಬೆಂಬಲ ಅವಳಿಗೇ. ನಿರ್ಧಾರ ಮಾತ್ರ ಅವಳದಾಗಿರಲಿ, ಅಪ್ಪನದೋ ಆಸ್ಪತ್ರೆ ಗುಮಾಸ್ತನದೋ ಅಲ್ಲ. ಹೆರಿಗೆ ವಾರ್ಡಿನಲ್ಲಿ ಎದೆಹಾಲಿನ ಪೋಸ್ಟರ್ ಪಕ್ಕ ಆ ಎರಡು ತಿಂಗಳ ವಿಷಯ ತಿಳಿಸುವ ಒಂದು ಹಾಳೆ ಅಂಟಿಸಲು ಎಷ್ಟು ಖರ್ಚು? ಕಳಮಶ್ಶೇರಿಯಲ್ಲಿ ಬಂಗಾಳಿ, ಒಡಿಯಾದಲ್ಲೂ ಬೇಕು, ಕಾಸರಗೋಡಿನಲ್ಲಿ ಕನ್ನಡದಲ್ಲೂ ಬೇಕು. ಕನ್ನಡದ್ದನ್ನು ನಾನೇ ಪುಕ್ಕಟೆ ಮಾಡಿಕೊಡುತ್ತೇನೆ.