ಗ್ರಗ್ ಅಪ್ಪನ ಪರವಾಗಿ ನಾಲ್ಕು ಮಾತು

'ದಿ ಕ್ರೂಡ್ಸ್' ನೋಡಿದೀರಾ? 2013ರ ಡ್ರೀಮ್‌ವರ್ಕ್ಸ್ ಆನಿಮೇಷನ್ ಸಿನಿಮಾ. ಆದಿಮಾನವರ ಒಂದು ಕುಟುಂಬ, ಒಂದು ಕತ್ತಲೆ ಗುಹೆ, 'ಹೊಸದೆಲ್ಲಾ ಅಪಾಯ' ಅನ್ನೋ ಅಪ್ಪ ಗ್ರಗ್. ಅವನು ಹೇಳೋ ಕಥೆಗಳಿಗೆಲ್ಲಾ ಒಂದೇ ಕೊನೆ: ಕುತೂಹಲ ಪಟ್ಟವರು ಸತ್ತರು. ಮಗಳು ಈಪ್‌ಗೆ ಮಾತ್ರ ಬೆಳಕು ಬೇಕು, ಹೊರಗೆ ಹೋಗ್ಬೇಕು. ನಾವೆಲ್ಲಾ ಯಾರ ಪಾರ್ಟಿ? ಈಪ್ ಪಾರ್ಟಿ. ನಾನೂ ಅಷ್ಟೇ.

ಮೊನ್ನೆ ಎರಡನೇ ಸಲ ನೋಡಿದಾಗ ಶುರುವಿನಲ್ಲೇ ತಡೆದು ನಿಂತೆ. ಅಕ್ಕಪಕ್ಕದ ಮನೆಯವರ ಕಥೆ ಬರುತ್ತಲ್ಲ, ಅವರಲ್ಲಿ ಒಬ್ಬರೂ ಉಳಿದಿಲ್ಲ. ಒಂದು ಮನೆಯವರನ್ನ ಮ್ಯಾಮತ್ ತುಳಿದಿದೆ, ಇನ್ನೊಂದು ಮನೆಯವರು ಬರೀ ನೆಗಡಿಗೆ ಹೋಗಿದಾರೆ. ನಾವು ನಗ್ತೀವಿ. ಆದ್ರೆ ಉಳಿದಿರೋದು ಗ್ರಗ್ ಮನೆ ಒಂದೇ ಕಣ್ರೋ! ಅವನ ಭಯ ದಡ್ಡತನ ಅಲ್ಲ, ಅವನು ಕಣ್ಣಾರೆ ಕಂಡ ಲೆಕ್ಕ.

ಹಾಗಂತ ಗ್ರಗ್ ಹೇಳಿದ್ದೆಲ್ಲಾ ಸರಿ ಅಂತಲ್ಲ. ಬೆಂಕಿ ಹಚ್ಚೋಕೆ ಬರೋ ಹುಡುಗ ಗೈ ಕೂಡ ಅಪ್ಪ ಅಮ್ಮನನ್ನ ಡಾಂಬರಿನ ಹೊಂಡದಲ್ಲಿ ಕಳೆದುಕೊಂಡವನು. ಅವನು ಗುಹೆ ಹುಡುಕಲಿಲ್ಲ, ಸೂರ್ಯನ ಕಡೆ ನಡೆದ. ನೋವು ಒಂದೇ, ದಾರಿ ಎರಡು.

ಸಿನಿಮಾ ಮೇಲೆ ನನಗಿರೋ ತಕರಾರು ಇಲ್ಲೇ. ಅಲ್ಲಿ ಭೂಮಿ ನಡುಗಿ ಗುಹೆ ಕುಸಿದುಬೀಳುತ್ತೆ, ಗ್ರಗ್ ಹೊರಗೆ ಬರಲೇಬೇಕು. ಈಪ್ ಅಪ್ಪನನ್ನ ಒಪ್ಪಿಸೋ ಕಷ್ಟವೇ ತಪ್ಪಿಹೋಯ್ತು. ನಮ್ಮ ಮನೆಗಳಲ್ಲಿ ಭೂಕಂಪ ಆಗಲ್ಲ. ನಾವೇ ಬಾಯಿ ಬಿಡಬೇಕು.

ಮುಂದಿನ ತಿಂಗಳ ಗೋಕರ್ಣ ಟ್ರಿಪ್‌ಗೆ ನಮ್ಮಪ್ಪ ಖಡಾಖಂಡಿತ ಬೇಡ ಅಂದ್ರು. ಮೂರು ದಿನ ಮಾತು ಬಿಟ್ಟೆ. ಆಮೇಲೆ ಅಮ್ಮ ಹೇಳಿದ್ರು, ಅಪ್ಪನ ಕಾಲೇಜು ಗೆಳೆಯ ಒಬ್ಬರು ಸಮುದ್ರದಲ್ಲಿ ಹೋದ್ರಂತೆ. ಅಪ್ಪ ಒಂದು ದಿನಾನೂ ನಮ್ಮ ಹತ್ರ ಅದನ್ನ ಹೇಳಿರಲಿಲ್ಲ. ನಮಗೆ ಸಿಗ್ತಿದ್ದಿದ್ದು ಕಥೆಯ ಕೊನೆ ಮಾತ್ರ: 'ಬೇಡ'.

ಅದಕ್ಕೇ ಹೇಳ್ತಿದೀನಿ. ಬಾಗಿಲು ದಡಾರಂತ ಹಾಕೋ ಮೊದಲು ಒಂದು ಸಲ ಕೇಳಿ, "ಅಪ್ಪಾ, ನೀವು ಏನು ನೋಡಿದೀರಿ?" ವಾದ ಆಮೇಲೆ ಮಾಡೋಣ, ಖಂಡಿತ ಮಾಡೋಣ. ಹೊರಗೆ ಹೋಗೋದನ್ನಂತೂ ಬಿಡೋದು ಬೇಡ.

ನಿನ್ನೆ ರಾತ್ರಿ ನಾನು ಕೇಳಿದೆ. ಟ್ರಿಪ್‌ಗೆ ಇನ್ನೂ ಹೂಂ ಅಂದಿಲ್ಲ. ಆದ್ರೆ ಆ ಗೆಳೆಯನ ಹೆಸರು ಹೇಳಿದ್ರು.

ನಿಮ್ಮನೆ ಗ್ರಗ್ ಯಾವುದಕ್ಕೆ ಹೆದರ್ತಾರೆ? ಯಾಕೆ ಅಂತ ಗೊತ್ತಾ? ಗೊತ್ತಿದ್ರೆ ಕಾಮೆಂಟ್ ಹಾಕಿ. ಗೊತ್ತಿಲ್ಲದಿದ್ರೆ ಮೊದಲು ಹೋಗಿ ಕೇಳ್ಕೊಂಡು ಬನ್ನಿ.